ಏರಿಯಿಲ್ಲದ ಸಮುದ್ರ

ನಮ್ಮ ಮನೆಯಲ್ಲಿ ಈಗ ಬಕೆಟ್ಟು ತುಂಬಿ ಹರಿಯುವುದಿಲ್ಲ. ಮೊದಲೆಲ್ಲ ನಲ್ಲಿ ತಿರುಗಿಸಿ ಒಗ್ಗರಣೆಗೆ ಹೋಗಿ, ಒಗ್ಗರಣೆಯಿಂದ ಪಕ್ಕದ ಮನೆಯವರ ಮಾತಿಗೆ ಹೋಗಿ, ಬಚ್ಚಲು ಕೆರೆಯಾದ ಮೇಲೆ ನೆನಪಾಗಿ ಓಡಿಬರುತ್ತಿದ್ದವಳು ನಾನು. ಈಗ ನಲ್ಲಿ ಬಿಟ್ಟರೆ ಅದರ ಮುಂದೆಯೇ ಕುಕ್ಕರುಗಾಲಲ್ಲಿ ಕೂತುಬಿಡುತ್ತೇನೆ. ಬಕೆಟ್ಟಿನ ಒಳಗೋಡೆಯ ಮೇಲೆ ಒಂದು ಹಳೆಯ ಗೀರಿದೆ. ನೀರು ಆ ಗೀರಿನ ಹತ್ತಿರ ಬರುತ್ತದೆ, ಮುಟ್ಟುತ್ತದೆ, ಮುಳುಗಿಸುತ್ತದೆ. ಅಷ್ಟರಲ್ಲಿ ನನ್ನ ಕೈ ತಾನಾಗಿ ನಲ್ಲಿ ನಿಲ್ಲಿಸಿರುತ್ತದೆ.

"ಇವತ್ತೂ ಅರ್ಧ ಬಕೆಟ್ಟೇನಾ?" ಎಂದು ನಮ್ಮ ಯಜಮಾನರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಕೇಳುತ್ತಾರೆ. "ಅಂಡಮಾನಿಗೆ ಹೋಗಿ ಬಂದದ್ದಕ್ಕೆ ನನಗೆ ಸಿಕ್ಕ ಪ್ರಸಾದ ನೋಡು. ಅರ್ಧ ಸ್ನಾನ."

ನೀವೂ ನಗಬಹುದು, ನಾನೂ ನಗುತ್ತೇನೆ. ಆದರೆ ಆ ಗೀರು ಮುಳುಗುವಾಗ ನನಗೆ ಕಾಣುವುದು ಗೀರಲ್ಲ. ಮರಳಿನಲ್ಲಿ ನೆಟ್ಟ ಒಂದು ಕೊಡೆ, ಅದರ ತಲೆಗೊಂದು ಹಳದಿ ಟೋಪಿ, ಅದರ ಆಚೆಗೆ ನಮ್ಮ ದೊಡ್ಡಮ್ಮನ ಬೆನ್ನು.

ದೊಡ್ಡಮ್ಮನ ಬೆನ್ನು ಅಲ್ಲಿಗೆ ಹೇಗೆ ಹೋಯಿತು ಎಂದು ಹೇಳಬೇಕಾದರೆ ಮೊದಲು ನಮ್ಮೂರಿನ ಸಮುದ್ರದ ವಿಷಯ ಹೇಳಬೇಕು.

ನನ್ನ ತವರು ಹಳೇಬೀಡು. ಅಲ್ಲಿಗೆ ಬರುವ ಪ್ರವಾಸಿಗರು ದೇವಸ್ಥಾನದ ಗೋಡೆಯ ಆನೆ, ಹಂಸಗಳನ್ನೆಲ್ಲ ನೋಡಿ ಕತ್ತು ಉಳುಕಿಸಿಕೊಂಡು ಹೋಗುತ್ತಾರೆ. ಊರಿನವರಾದ ನಮಗೆ ಆ ಗೋಡೆ ಎಂದರೆ ಒಳ್ಳೆಯ ನೆರಳು, ಅಷ್ಟೇ. ನಮಗೆ ಬೇಕಾಗಿದ್ದದ್ದು ಅದರಾಚೆಯ ಕೆರೆ. ಕೆರೆ ಎಂದೆನಲ್ಲ, ಅದರ ಹೆಸರು ದ್ವಾರಸಮುದ್ರ. ಯಾವ ಕಾಲದ ಯಾವ ರಾಜನಿಗೆ ಏನನ್ನಿಸಿತೋ, ಏರಿ ಹಾಕಿ ಮಳೆನೀರು ನಿಲ್ಲಿಸಿ ಸಮುದ್ರ ಎಂದುಬಿಟ್ಟ. ನಾವು ಅದನ್ನು ಅಕ್ಷರಶಃ ನಂಬಿದೆವು. ಶಾಲೆಯಲ್ಲಿ ಮೇಷ್ಟ್ರು "ನಮ್ಮ ದೇಶದ ಮೂರು ಕಡೆ ಸಮುದ್ರವಿದೆ" ಎಂದಾಗ ನಾನು ಎದ್ದುನಿಂತು "ನಾಲ್ಕನೇದು ನಮ್ಮೂರಲ್ಲೈತೆ ಸಾರ್" ಎಂದು ಹೇಳಿ, ಆ ದಿನವೆಲ್ಲ ಬೆಂಚಿನ ಮೇಲೆ ನಿಂತಿದ್ದೆ. ಮುಂದೆ ಹಾಸನದ ಕಾಲೇಜಿಗೆ ಹೋಗಿ ಅದೇ ಭೂಗೋಳವನ್ನು ಓದಿ, ಚಂದ್ರ ಎಳೆದಾಗ ಸಮುದ್ರ ಉಬ್ಬುತ್ತದೆ, ಬಿಟ್ಟಾಗ ಇಳಿಯುತ್ತದೆ ಎಂದು ಚಿತ್ರ ಬರೆದು, ಬಾಣದ ಗುರುತು ಹಾಕಿ ಪಾಸಾದೆ. ಬಾಣದ ಗುರುತು ಚೆನ್ನಾಗಿಯೇ ಬಂದಿತ್ತು.

ನಮ್ಮ ದೊಡ್ಡಮ್ಮ, ಎಂದರೆ ಅಮ್ಮನ ಅಕ್ಕ ಗೌರಮ್ಮ, ಆ ಕೆರೆಯ ದಡದಲ್ಲೇ ಹುಟ್ಟಿ, ಅದೇ ಊರಿಗೆ ಸೊಸೆಯಾಗಿ, ಎಪ್ಪತ್ತು ದಾಟಿದವಳು. ಬಟ್ಟೆ ಒಗೆದದ್ದು, ಎಮ್ಮೆ ತೊಳೆದದ್ದು, ಓರಗಿತ್ತಿಯರ ಜೊತೆ ಜಗಳವಾಡಿದ್ದು, ರಾಜಿಯಾದದ್ದು, ಎಲ್ಲ ಅದರ ಸೋಪಾನದ ಮೇಲೇ. ಬೇಸಿಗೆಯಲ್ಲಿ ಕೆರೆ ಇಳಿಯತೊಡಗಿದರೆ ಅವಳು ನೀರಿನ ಅಂಚಿಗೆ ಒಂದು ಕಡ್ಡಿ ನೆಡುತ್ತಿದ್ದಳು. ಮಾರನೆಯ ದಿನ ಹೋಗಿ, ನೀರು ಕಡ್ಡಿ ಬಿಟ್ಟು ಎಷ್ಟು ಹಿಂದೆ ಸರಿದಿದೆ ಎಂದು ನೋಡಿ ಅಲ್ಲಿಗೆ ಇನ್ನೊಂದು ಕಡ್ಡಿ. ಹಾಗೆ ಬಿಟ್ಟುಕೊಟ್ಟ ಜಾಗದಲ್ಲಿ ಸೌತೆ ಬೀಜ ಊರುತ್ತಿದ್ದಳು. ಕೆರೆಯಂಗಳದ ಸೌತೆಕಾಯಿಯ ರುಚಿಯನ್ನು ಮತ್ತೆ ಯಾವ ತರಕಾರಿ ಅಂಗಡಿಯಲ್ಲೂ ನಾನು ಕಂಡಿಲ್ಲ. ಅದನ್ನು ಮುರಿದರೆ ಮಳೆಯ ವಾಸನೆ ಬರುತ್ತಿತ್ತು.

ಇಲ್ಲಿ ಒಂದು ಮಾತನ್ನು ಗಮನಿಸಿ. ಕೆರೆ ಇಳಿದರೆ ಇಳಿಯಿತು. ಮತ್ತೆ ಏರಬೇಕಾದರೆ ಮಳೆ ಬರಬೇಕು, ಅದೂ ಗುಡುಗಿ, ಮಿಂಚಿ, ಊರಿಗೆಲ್ಲ ಮುಂಚಿತವಾಗಿ ತಿಳಿಸಿ. ಬೆಳಿಗ್ಗೆ ಹೋಗಿ, ಹೇಳದೆ ಕೇಳದೆ ಅದೇ ಮಧ್ಯಾಹ್ನ ವಾಪಸು ಬರುವ ನೀರನ್ನು ನಮ್ಮ ಕಡೆಯವರು ಕಂಡವರೇ ಅಲ್ಲ. ನಾನು ಮದುವೆಯಾಗಿ ಬಂದ ಊರಿನ ಹೆಸರಿನಲ್ಲೂ ಕೆರೆಯೇ ಇದೆ. ಕೆರೆಯಿಂದ ಹೊರಟು ಕೆರೆಗೆ ಸೇರಿದವಳು ನಾನು.

ನಮ್ಮ ಅರಸೀಕೆರೆಯಲ್ಲಿ ಮಂಜಣ್ಣ ಎಂಬುವರಿದ್ದಾರೆ. ಬಸ್ಸು ಮಾಡಿಕೊಂಡು ಜನರನ್ನು ಕ್ಷೇತ್ರಗಳಿಗೆ ಕರೆದುಕೊಂಡು ಹೋಗುವುದು ಅವರ ಕಸುಬು. ಕೊರಳಿಗೆ ಸದಾ ಒಂದು ಸೀಟಿ. ಒಂದು ಸಲ ಊದಿದರೆ "ಏಳಿ" ಎಂದು, ಎರಡು ಸಲ ಊದಿದರೆ "ಬಸ್ಸು ಹೊರಟಿತು" ಎಂದು. ಎರಡನೆಯದಕ್ಕೆ ಮೇಲ್ಮನವಿ ಇಲ್ಲ. ಒಮ್ಮೆ ಬಾಣಾವರದ ಒಬ್ಬರು ಎರಡು ಸೀಟಿ ಕೇಳಿಯೂ ಕಾಫಿ ಆರಿಸುತ್ತಾ ಕೂತರಂತೆ. ಅವರು ತರಕಾರಿ ಲಾರಿಯಲ್ಲಿ ಎಲೆಕೋಸಿನ ಮೇಲೆ ಕೂತು ಮುಂದಿನ ಊರಿಗೆ ಬಂದು ಸೇರಿದ ಕಥೆಯನ್ನು ಮಂಜಣ್ಣ ಪ್ರತಿ ಪ್ರವಾಸದ ಆರಂಭದಲ್ಲೂ ಮಂಗಳಾರತಿಯಂತೆ ತಪ್ಪದೆ ಹೇಳುತ್ತಾರೆ. ಹೀಗಾಗಿ, ವರ್ಷವೂ ಅವರ ಬಸ್ಸು ಹತ್ತುವ ದೊಡ್ಡಮ್ಮನಿಗೆ ಈ ಲೋಕದಲ್ಲಿ ಹಾವು, ಚೇಳು, ಸೊಸೆ ಯಾವುದರ ಭಯವೂ ಇಲ್ಲ. ಬಸ್ಸು ತಪ್ಪುವ ಭಯ ಮಾತ್ರ ಉಂಟು.

ಈ ಮಂಜಣ್ಣನಿಗೆ ಈ ವರ್ಷ ವಿಮಾನದ ಹುಚ್ಚು ಹಿಡಿಯಿತು. "ದೇವ್ರು ಎಲ್ಲಾ ಮುಗುದ್ವು ಕಣ್ರೀ, ಇನ್ನು ದ್ವೀಪಕ್ಕೆ ಹೋಗಾಣ" ಎಂದರು. ನಾನು, ನಮ್ಮ ಯಜಮಾನರು, ದೊಡ್ಡಮ್ಮ ಹೊರಟೆವು. ದೊಡ್ಡಮ್ಮ ಹೊರಟಳೆಂದು ಗಂಡಸಿ ಊರಿನಿಂದ ರುದ್ರಮ್ಮನವರು ಹೊರಟರು. ರುದ್ರಮ್ಮನವರೂ ಹಳೇಬೀಡಿನ ಮಗಳೇ. ದೊಡ್ಡಮ್ಮನ ಬಾಲ್ಯದ ಗೆಳತಿ, ಮಂಜಣ್ಣನ ಬಸ್ಸಿನಲ್ಲೂ ಜೊತೆ. ತೆಂಗಿನಕಾಯಿ ವ್ಯಾಪಾರದ ಮನೆ ಸೇರಿದವರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಶಿವ, ಕೈಯಲ್ಲಿ ಸದಾ ಒಂದು ನೈಲಾನ್ ಚೀಲ. ಇಬ್ಬರೂ ಪರಸ್ಪರ ಸಿಕ್ಕಿದ ಕೂಡಲೇ ಜಗಳ ಶುರುಮಾಡುತ್ತಾರೆ, ಬಿಟ್ಟಿರಲೂ ಆರರು.

ಸಮುದ್ರವನ್ನು ಮೊದಲ ಸಲ ಕಂಡಾಗ ದೊಡ್ಡಮ್ಮ ಏನನ್ನೋ ಹುಡುಕತೊಡಗಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

"ಏರಿ ಎಲ್ಲೈತೆ ಇದಕ್ಕೆ?"

"ಇದಕ್ಕೆ ಏರಿ ಇಲ್ಲ ದೊಡ್ಡಮ್ಮ."

"ಏರಿ ಇಲ್ದೆ ನೀರು ಎಂಗೆ ನಿಂತೈತೆ?"

ಭೂಗೋಳ ಓದಿದ ನಾನು ಬಾಯಿ ತೆರೆಯುವಷ್ಟರಲ್ಲಿ ರುದ್ರಮ್ಮನವರೇ ಉತ್ತರ ಕೊಟ್ಟರು: "ಶಿವನ ಅಪ್ಪಣೆ ಕಣೇ ಗೌರಿ. ನಿಲ್ಲು ಅಂದವ್ನೆ, ನಿಂತೈತೆ."

ದೊಡ್ಡಮ್ಮ ಬೊಗಸೆಯಲ್ಲಿ ನೀರು ತೆಗೆದು ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದಳು. "ಇಷ್ಟು ನೀರು ಮಡೀಕೊಂಡು ಒಂದು ಗುಂಟೆ ರಾಗಿ ನೆನೆಸಾಕಾಗಲ್ಲ. ನಮ್ಮ ಸಮುದ್ರವೇ ವಾಸಿ" ಎಂದು ತೀರ್ಪು ಕೊಟ್ಟಳು. ತೀರ್ಪು ಕೊಟ್ಟ ಮೇಲೆ ಸೀರೆ ಎತ್ತಿಕಟ್ಟಿ ಮಂಡಿಯುದ್ದ ನೀರಿನಲ್ಲಿ ಅಲೆ ಬಂದಾಗಲೆಲ್ಲ ಹಾರಿದವಳೂ ಅವಳೇ.

ಆ ದಿನಗಳ ಸುಖವನ್ನು ಏನೆಂದು ಹೇಳಲಿ! ನಮಗೆ ವಿಶ್ರಾಂತಿ ಪಡೆದು ಅಭ್ಯಾಸವಿಲ್ಲ. ಕ್ಷೇತ್ರಯಾತ್ರೆಯೆಂದರೆ ಕ್ಯೂ ಇರಬೇಕು, ತಳ್ಳಾಟವಿರಬೇಕು, ಯಾರದಾದರೂ ಚಪ್ಪಲಿ ಕಳೆಯಬೇಕು. ಇಲ್ಲಿ ಅದೊಂದೂ ಇಲ್ಲ. ಮೊದಲ ದಿನ ರುದ್ರಮ್ಮನವರು "ಇಲ್ಲಿ ದರ್ಶನ ಎಷ್ಟೊತ್ತಿಗೆ?" ಎಂದು ಮೂರು ಜನರನ್ನು ಕೇಳಿದರು. ಎರಡನೆಯ ದಿನಕ್ಕೆ ನಮ್ಮ ಯಜಮಾನರು ತೆಂಗಿನ ಮರದ ಕೆಳಗೆ ಒರಗುಕುರ್ಚಿಯಲ್ಲಿ ಮುಖದ ಮೇಲೆ ಹಳದಿ ಟೋಪಿ ಇಟ್ಟುಕೊಂಡು ಮಲಗಿದವರು, ಮಧ್ಯೆ ಮಧ್ಯೆ ಎದ್ದು "ಆಹಾ" ಎಂದು ಹೇಳಿ ಮತ್ತೆ ಮಲಗುವುದನ್ನು ಕಲಿತರು. ಹಳದಿ ಟೋಪಿ ನಮ್ಮ ಗುಂಪಿನ ಗುರುತು. ಮಂಜಣ್ಣ ಎಲ್ಲರಿಗೂ ಒಂದೊಂದು ಹಂಚಿದ್ದರು. ದೊಡ್ಡಮ್ಮ ಅದನ್ನು ಸೆರಗಿನ ಮೇಲೆ ಹಾಕಿಕೊಂಡು ಪೊಲೀಸಿನಂತೆ ಓಡಾಡಿದಳು. ಹೋಟೆಲಿನ ಅಡುಗೆಮನೆಗೆ ನುಗ್ಗಿ, ಊರಿಂದ ತಂದಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ತೊಳಸಿ, ಅಲ್ಲಿನ ಬಾಣಸಿಗನಿಗೆ ಒಂದು ತುತ್ತು ನುಂಗಿಸಿ "ಅಗೀಬ್ಯಾಡ ಕಣಪ್ಪ, ನುಂಗು" ಎಂದು ಕನ್ನಡದಲ್ಲೇ ಪಾಠ ಹೇಳಿದಳು. ಅವನು ಅಗಿದ. ಅವಳಿಗೆ ಅವನ ಮೇಲೆ ಕೊನೆಯವರೆಗೂ ಕನಿಕರವಿತ್ತು.

ರುದ್ರಮ್ಮನವರಿಗೋ ದ್ವೀಪದ ತೆಂಗಿನ ಚಿಂತೆ. ದಡದುದ್ದಕ್ಕೂ ಕಾಯಿ ತಾನಾಗಿ ಬಿದ್ದಿವೆ, ಕೇಳುವವರಿಲ್ಲ. "ಅಯ್ಯೋ ಶಿವನೇ, ಇಷ್ಟೊಂದು ಕಾಯಿ ಅನಾಥವಾಗಿ ಬಿದ್ದವಲ್ಲ!" ಎಂದು ಒಂದೊಂದನ್ನೂ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವರು. ನಮ್ಮ ಕಡೆ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಗಡಗಡ ಎಂದ ಮೇಲೆ ಒಡೆಯುವುದಲ್ಲವೇ, ಆ ಸದ್ದಿಗಾಗಿ. ಒಣಗಿ ಹಗುರಾದದ್ದು ಸಿಕ್ಕಿದರೆ ಸಿಪ್ಪೆ ಸಮೇತ ನೈಲಾನ್ ಚೀಲದೊಳಕ್ಕೆ. "ವಿಮಾನದಾಗೆ ಬಿಡಾಕಿಲ್ಲ ಕಣೇ" ಎಂದು ದೊಡ್ಡಮ್ಮ ಹೇಳಿದರೆ, "ಯಾಕೆ ಬಿಡಾಕಿಲ್ಲ? ಅದೇನು ಬಾಂಬೇ? ಮಠದ ಸ್ವಾಮಿಗಳಿಗೆ ದ್ವೀಪದ ಕಾಯಿ ಒಪ್ಪಿಸ್ತೀನಿ ಅಂದ್ಕೊಂಡಿವ್ನಿ" ಎನ್ನುವರು.

ಆ ದಿನ ನಮ್ಮನ್ನು ದೋಣಿಯಲ್ಲಿ ಇನ್ನೂ ಚಿಕ್ಕದೊಂದು ದ್ವೀಪಕ್ಕೆ ಕರೆದುಕೊಂಡು ಹೋದರು. ಅಲ್ಲಿ ಮನೆಯಿಲ್ಲ, ರಸ್ತೆಯಿಲ್ಲ; ಮರಳು, ಮರ, ನೀರು ಅಷ್ಟೇ. ದೋಣಿಯವರು ಹಿಂದಿಯಲ್ಲಿ ಏನೋ ಉದ್ದಕ್ಕೆ ಹೇಳಿದರು. ಮಂಜಣ್ಣ ಅದನ್ನು "ದೂರ ಹೋಗ್ಬೇಡ್ರಿ" ಎಂದು ಎರಡೇ ಮಾತಿಗೆ ಇಳಿಸಿದರು.

ಬೆಳಗಿನ ಹೊತ್ತು ನೀರು ಹಿಂದಕ್ಕೆ ಸರಿಯುತ್ತಿತ್ತು. ನೋಡನೋಡುತ್ತಿದ್ದಂತೆ ಎದುರಿಗೆ ಉದ್ದನೆಯ ಮರಳದಿಬ್ಬವೊಂದು ಎಮ್ಮೆಯ ಬೆನ್ನಿನಂತೆ ಎದ್ದುಬಂತು. ದಡಕ್ಕೂ ಅದಕ್ಕೂ ನಡುವೆ ಪಾದ ಮುಳುಗುವಷ್ಟು ನೀರು ಮಾತ್ರ. ಗೆಳತಿಯರಿಬ್ಬರೂ ಅತ್ತ ಹೊರಟರು.

"ದೂರ ಹೋಗ್ಬೇಡಿ ಅಂದ್ರಲ್ಲ ದೊಡ್ಡಮ್ಮ" ಎಂದೆ.

"ಇದೇನೇ ಸುಮಿ ದೂರ? ನಮ್ಮ ತೋಟದಷ್ಟೂ ಇಲ್ಲ. ನೋಡು, ಕೆರೆ ಅಂಗಳ ಬಿಟ್ಟಂಗೆ ಬಿಟ್ಟೈತೆ."

ದಾಟುವಾಗ ಆ ಸಣ್ಣ ನೀರಿನ ಆಚೆ ಅಂಚಿಗೆ ದೊಡ್ಡಮ್ಮ ತನ್ನ ಕೊಡೆಯನ್ನು ಮಡಿಸಿ ಮರಳಿಗೆ ನೆಟ್ಟಳು. ತಲೆಯ ಹಳದಿ ಟೋಪಿ ತೆಗೆದು ಅದರ ಮೇಲೆ ಸಿಕ್ಕಿಸಿದಳು. ನನಗೆ ಕಣ್ಣೀರು ಬರುವಷ್ಟು ಖುಷಿಯಾಯಿತು. ನಲವತ್ತು ವರ್ಷದ ಹಿಂದಿನ ಕಡ್ಡಿ! "ಎಷ್ಟು ಇಳೀತದೆ ನೋಡ್ತಿರು" ಎಂದು ಕೂಗಿ ಹೇಳಿ, ರುದ್ರಮ್ಮನವರ ಜೊತೆ ದಿಬ್ಬದ ತುದಿಗೆ ಹೋಗಿ, ನಮ್ಮ ಕಡೆ ಬೆನ್ನು, ದೊಡ್ಡ ಸಮುದ್ರದ ಕಡೆ ಮುಖ ಮಾಡಿ ಕೂತಳು. ಇಬ್ಬರ ನಡುವೆ ಕೋಡುಬಳೆ ಡಬ್ಬ. ಪಕ್ಕದಲ್ಲಿ ಕಾಯಿ ಚೀಲ.

ನಾನು ದಡದಲ್ಲಿ ಕಪ್ಪೆಚಿಪ್ಪು ಆರಿಸುತ್ತಿದ್ದೆ. ಒಮ್ಮೆ ತಲೆಯೆತ್ತಿದಾಗ ಕೊಡೆ ನೀರಿನೊಳಗೆ ನಿಂತಿತ್ತು. ಬಿಸಿಲಿಗೆ ಹಾಗೆ ಕಾಣುತ್ತದೆ ಎಂದುಕೊಂಡೆ. ಇನ್ನೊಮ್ಮೆ ನೋಡಿದಾಗ ಕೊಡೆ ಗಿಡ್ಡವಾಗಿತ್ತು. ಈ ಕ್ಷಣವೇ ನನ್ನ ಬಕೆಟ್ಟಿನೊಳಗೆ ದಿನವೂ ಬರುವುದು. ಕೊಡೆ ಗಿಡ್ಡವಾಗುವುದು ಹೇಗೆ ಎಂದು ನನ್ನ ತಲೆ ನಿಧಾನವಾಗಿ ಯೋಚಿಸುತ್ತಿತ್ತು. ನೀರು ಎದುರಿನಿಂದ ಬಂದಿದ್ದರೆ ಅವರಿಗೇ ಕಾಣುತ್ತಿತ್ತು. ಅದು ಹಿಂದಿನಿಂದ, ಅವರು ದಾಟಿಹೋದ ತಗ್ಗಿನಲ್ಲಿ, ಸದ್ದಿಲ್ಲದೆ ತುಂಬಿಕೊಳ್ಳುತ್ತಿತ್ತು. ಹಾಸನದಲ್ಲಿ ನಾನು ಬರೆದ ಬಾಣದ ಗುರುತು ಆಗ ತಟ್ಟನೆ ನೆನಪಿಗೆ ಬಂತು.

"ದೊಡ್ಡಮ್ಮಾ!" ಎಂದು ಕಿರುಚಿದೆ. ಅಲೆಗಳ ಮೊರೆತದಲ್ಲಿ ಅದು ನನಗೇ ಕೇಳಿಸಲಿಲ್ಲ. ಎರಡೂ ಕೈ ಎತ್ತಿ ಬೀಸಿದೆ. ಅದೃಷ್ಟಕ್ಕೆ ರುದ್ರಮ್ಮನವರು ತಿರುಗಿದರು. ದೊಡ್ಡಮ್ಮನನ್ನು ತಿವಿದು ತೋರಿಸಿದರು. ಇಬ್ಬರೂ ಸಂತೋಷದಿಂದ ನನ್ನ ಕಡೆ ಕೈ ಬೀಸಿದರು! ನಾನು ಹುಚ್ಚಿಯಂತೆ ಹಾರಿ ಹಾರಿ ಬೀಸಿದೆ. ಅವರೂ ಇನ್ನಷ್ಟು ಹುರುಪಿನಿಂದ ಬೀಸಿದರು. ದೊಡ್ಡಮ್ಮ ಒಂದು ಕೋಡುಬಳೆಯನ್ನು ಎತ್ತಿ ತೋರಿಸಿ, ಬೇಕೇ ಎಂದು ಸನ್ನೆಯಲ್ಲಿ ಕೇಳಿದಳು. ಆಮೇಲೆ ಇಬ್ಬರೂ ಮತ್ತೆ ಬೆನ್ನು ತಿರುಗಿಸಿ ಕೂತರು. ಕೊಡೆಯ ಮೇಲಿನ ಹಳದಿ ಟೋಪಿ ಈಗ ನೀರಿನ ಮೇಲೆ ತೇಲಿಸಿಟ್ಟಂತೆ ಕಾಣುತ್ತಿತ್ತು.

ನಾನು ಓಡಿದೆ. ಮಂಜಣ್ಣ ಮರದ ಕೆಳಗೆ ಊಟದ ಡಬ್ಬಿಗಳನ್ನು ಬಿಚ್ಚಿಸುತ್ತಿದ್ದರು. "ಮಂಜಣ್ಣ, ನೀರು, ದೊಡ್ಡಮ್ಮ" ಎಂದಷ್ಟೇ ನನಗೆ ಬಂದದ್ದು. ಅವರು ನೋಡಿದರು, ಕೈಯಲ್ಲಿದ್ದ ಡಬ್ಬಿ ಬಿಟ್ಟರು. ದೋಣಿಯವರಿಬ್ಬರು ಹಗ್ಗ, ಟ್ಯೂಬು ಹಿಡಿದುಕೊಂಡು ಆಗಲೇ ಓಡುತ್ತಿದ್ದರು. ಆದರೆ ಅವರು ಆಚೆ ತಲುಪುವ ಹೊತ್ತಿಗೆ ತಗ್ಗು ಎಷ್ಟು ಆಳವಾಗುತ್ತದೋ! ಗೆಳತಿಯರು ಈಗಲೇ ಏಳಬೇಕು. ಎದ್ದು ಈ ಕಡೆಗೇ ಬರಬೇಕು.

"ಸೀಟಿ!" ಎಂದು ಕಿರುಚಿದೆ. "ಎರಡು ಊದಿ ಮಂಜಣ್ಣ, ಎರಡು!"

ಈಜು ಬಾರದ ಮಂಜಣ್ಣ ಪ್ಯಾಂಟು ಸಮೇತ ಸೊಂಟದವರೆಗೆ ನೀರಿಗಿಳಿದು, ಕೆನ್ನೆ ಒಡೆಯುವಂತೆ ಎರಡು ಸೀಟಿ ಊದಿದರು.

ಕಿರುಚಿದರೆ ಕೇಳದ, ಕೈ ಬೀಸಿದರೆ ಅರ್ಥವಾಗದ ಇಬ್ಬರೂ ಮುಳ್ಳು ಚುಚ್ಚಿದವರಂತೆ ಎದ್ದುನಿಂತರು. ದೊಡ್ಡಮ್ಮ ಡಬ್ಬ ಮುಚ್ಚಿ ಕಂಕುಳಿಗೆ ಸಿಕ್ಕಿಸಿದಳು. ರುದ್ರಮ್ಮನವರು ಚೀಲ ಎತ್ತಿಕೊಂಡರು. ಮಂಜಣ್ಣ ಮತ್ತೆ ಎರಡು ಊದಿದರು. ಇಬ್ಬರೂ ಓಡತೊಡಗಿದರು. ಮಂಡಿ ಮುಳುಗಿತು. ಸೊಂಟ ಮುಳುಗಿತು. ದೊಡ್ಡಮ್ಮ ಗೆಳತಿಯ ಕೈ ಹಿಡಿದು ಎಳೆಯುತ್ತಾ ಏನೋ ಕೂಗುತ್ತಿದ್ದಳು. ಒಂದು ಅಲೆ ಬಂತು. ಅದು ಹೋದಾಗ ರುದ್ರಮ್ಮನವರ ತಲೆ ಕಾಣಲಿಲ್ಲ.

ನಾನು ಕಣ್ಣು ಮುಚ್ಚಿದೆನೋ, ಕತ್ತಲೆ ಬಂತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ರುದ್ರಮ್ಮನವರು ಕಾಯಿ ಚೀಲವನ್ನು ಎದೆಗೆ ಅವಚಿಕೊಂಡು, ಗಲ್ಲ ಮೇಲೆ ಮಾಡಿ ತೇಲುತ್ತಿದ್ದರು. ಒಣಗಿದ ಕಾಯಿ ಮುಳುಗುತ್ತದೆಯೇ? ಅವರ ಸೊಂಟಕ್ಕೆ ಕೈ ಹಾಕಿಕೊಂಡು ದೊಡ್ಡಮ್ಮ ಕಾಲ್ಬೆರಳ ತುದಿಯಲ್ಲಿ ಕುಪ್ಪಳಿಸುತ್ತಾ ಬರುತ್ತಿದ್ದಳು. ದೋಣಿಯವರ ಟ್ಯೂಬು ಅವರ ತಲೆಯ ಮೇಲೆ ಬಿದ್ದದ್ದು ಆಗ. ಇಬ್ಬರನ್ನೂ ಸೇರಿಸಿ ಹಗ್ಗದಲ್ಲಿ ಎಳೆದು ತಂದರು.

ದಡಕ್ಕೆ ಬಂದು ಕೆಮ್ಮಿ, ಉಸಿರು ಎಳೆದುಕೊಂಡು, ದೊಡ್ಡಮ್ಮ ಮೊದಲು ಕೇಳಿದ್ದು "ಬಸ್ಸು ಐತಾ?" ಎಂದು. ರುದ್ರಮ್ಮನವರು ಕೇಳಿದ್ದು "ಕಾಯಿ ಎಲ್ಲಾ ಅವೆಯಾ?" ಎಂದು. ಆಗಷ್ಟೇ ನಿದ್ದೆಯಿಂದೆದ್ದು ಓಡಿಬಂದ ನಮ್ಮ ಯಜಮಾನರು "ಏನಾಯ್ತು?" ಎಂದರು. ಮಂಜಣ್ಣ ಮರಳಿನ ಮೇಲೆ ಕೂತು ಅಳತೊಡಗಿದರು. ಅವರ ಬಾಯಲ್ಲಿ ಸೀಟಿ ಇನ್ನೂ ಇತ್ತು. ಬಿಕ್ಕಿದಾಗಲೆಲ್ಲ ಅದು ಸಣ್ಣಗೆ ಪೀ ಎನ್ನುತ್ತಿತ್ತು. ಮೊದಲು ನಕ್ಕವಳು ದೊಡ್ಡಮ್ಮ. ಆಮೇಲೆ ನಾವೆಲ್ಲ ಅಳುತ್ತಾ ನಕ್ಕೆವು.

ತಿರುಗಿ ನೋಡಿದರೆ ಅಲ್ಲಿ ದಿಬ್ಬವೇ ಇರಲಿಲ್ಲ. ಕೊಡೆಯೂ ಇಲ್ಲ, ಟೋಪಿಯೂ ಇಲ್ಲ. ಬೆಳಿಗ್ಗೆಯಿಂದ ಏನೂ ನಡೆದೇ ಇಲ್ಲವೆಂಬಂತೆ ನೀಲಿ ನೀರು.

ಮರುದಿನವೂ ಅವರಿಬ್ಬರು ನೀರಿಗಿಳಿದರು, ಈ ಸಲ ಮಂಡಿಯ ತನಕ ಮಾತ್ರ. ನಾನು ದಡದಲ್ಲಿ ಕೂತು ಇಬ್ಬರ ಸೆರಗಿನ ತುದಿಗಳನ್ನೂ ಎಮ್ಮೆಯ ಹಗ್ಗದಂತೆ ಹಿಡಿದಿದ್ದೆ. ದೊಡ್ಡಮ್ಮ ಊರು ತಲುಪುವ ತನಕ ಒಂದೇ ಮಾತು ಹೇಳಿದಳು: "ಶಿವೂಗೆ ಹೇಳ್ಬೇಡ ಕಣೇ." ಶಿವು ಅವಳ ಮಗ. ಗೊತ್ತಾದರೆ ಹಳೇಬೀಡಿನ ಬಸ್‌ಸ್ಟ್ಯಾಂಡು ದಾಟಲು ಬಿಡುವವನಲ್ಲ.

ಇಷ್ಟೆಲ್ಲ ಆಗಿ ಎಲ್ಲರೂ ಸುಖವಾಗಿದ್ದಾರೆ. ದ್ವೀಪದ ಕಾಯಿಗಳು ವಿಮಾನವೇರಲಿಲ್ಲ. ರುದ್ರಮ್ಮನವರು ಅವನ್ನು ಅಲ್ಲೇ ಸಮುದ್ರಕ್ಕೆ ಅರ್ಪಿಸಿ ಬಂದರು. ಅಲುಗಾಡಿ ಹೋದವಳು ದಡದಲ್ಲಿ ನಿಂತಿದ್ದ ನಾನೊಬ್ಬಳೇ. ನೀರಿನೊಳಗಿದ್ದವರಿಗೆ ಓಡುವ ಕೆಲಸವಿತ್ತು; ನನಗೆ ನೋಡುವ ಕೆಲಸ ಮಾತ್ರ. ಅದು ಇನ್ನೂ ಮುಗಿದಿಲ್ಲ.

ಹೋದ ವಾರ ಹಳೇಬೀಡಿಗೆ ಹೋಗಿದ್ದೆ. ಕೆರೆ ತುಂಬಿತ್ತು. ದೊಡ್ಡಮ್ಮನೂ ನಾನೂ ಏರಿಯ ಮೇಲೆ ಕೂತೆವು. ಬಕೆಟ್ಟಿನ ವಿಷಯ ಹೇಳಿದೆ. ಅವಳು ಬಿದ್ದು ಬಿದ್ದು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ನನ್ನ ಬೆನ್ನು ಸವರಿದಳು.

"ನಿಂಗೆ ಭಯ ಆಗಲಿಲ್ವಾ ದೊಡ್ಡಮ್ಮ?"

"ಆಯ್ತು ಕಣೇ. ಬಸ್ಸು ಹೋಗ್ಬುಡ್ತದೆ ಅಂತ."

"ನಿಜ ಹೇಳು."

"ನೀರು ಸೊಂಟಕ್ಕೆ ಬಂತು ನೋಡು, ಆವಾಗ ಹೊಳೀತು. ದೋಣೀಲಿ ಬಂದೋರು ನಾವು, ಈ ದ್ವೀಪದಾಗೆ ಎಲ್ಲೀ ಬಸ್ಸು? ಎದೆ ಧಸಕ್ ಅಂತು. ಆದರೆ ರುದ್ರಿ ಇನ್ನೂ ಬಸ್ಸಿಗೇ ಓಡ್ತಾ ಅವ್ಳೆ. ನೀರು ಬಂದೈತೆ ಅಂತ ಹೇಳಿದ್ರೆ ಅಲ್ಲೇ ಶಿವಾ ಅಂತ ಕೂತ್ಕೊಂಡ್ಬುಡೋಳು. ಅದಕ್ಕೇ, ಬಸ್ಸು ಹೊರಟೋಯ್ತು, ಬಾರೇ, ಹೊರಟೋಯ್ತು, ಬಾರೇ ಅಂತ ಕೂಗ್ತಾನೇ ಬಂದೆ."

"ದಡಕ್ಕೆ ಬಂದ ಮೇಲೂ ಬಸ್ಸು ಐತಾ ಅಂದ್ಯಲ್ಲ!"

"ಅವಳು ಕೇಳಿಸ್ಕಂತಿದ್ಲಲ್ಲ. ಇವತ್ತಿಗೂ ಅವಳು ಬಸ್ಸು ತಪ್ಪೋದ್ರಾಗಿತ್ತು ಅಂತಾನೇ ಊರಿಗೆಲ್ಲ ಹೇಳ್ಕಂಡು ತಿರುಗ್ತಾ ಅವ್ಳೆ. ನಮ್ಮ ಶಿವೂಗೂ ಅಂಗೇ ಹೇಳವ್ಳೆ, ನಂಬವ್ನೆ. ಮಂಜಣ್ಣ ಮತ್ತೆಲ್ಲಿಗೋ ಹೊರಡ್ತಾ ಅವ್ನಂತಲ್ಲ, ಎಲ್ಲಿಗೇ?"

ನಾನು ಹೊರಡುವ ಹೊತ್ತಿಗೆ ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಬಸ್ಸು ನಿಂತಿತ್ತು. ಮಾತು ಮುಗಿಸಲಾರದೆ ಕೆಳಗೇ ನಿಂತಿದ್ದೆವು. ಕಂಡಕ್ಟರು ಸುಮ್ಮನೆ ಎರಡು ಸೀಟಿ ಊದಿದರು. ಇಬ್ಬರೂ ಬೆಚ್ಚಿಬಿದ್ದು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಓಡಿದೆವು. ಹತ್ತಬೇಕಾದವಳು ನಾನೊಬ್ಬಳೇ ಎಂಬುದು ಬಾಗಿಲ ಹತ್ತಿರ ಬಂದ ಮೇಲೆ ಇಬ್ಬರಿಗೂ ನೆನಪಾಯಿತು. ದೊಡ್ಡಮ್ಮ ಈ ಸಲ ಬಿದ್ದು ಬಿದ್ದು ನಕ್ಕಳು.

ಕಿಟಕಿಯಿಂದ ಹಿಂತಿರುಗಿ ನೋಡಿದೆ. ಅವಳ ಬೆನ್ನ ಹಿಂದೆ ತುಂಬಿದ ಸಮುದ್ರ, ಅದಕ್ಕೆ ಭದ್ರವಾದ ಏರಿ. ಅದರ ಮುಂದೆ ನಿಂತು ದೊಡ್ಡಮ್ಮ, ಅವತ್ತಿನಂತೆಯೇ, ಎರಡೂ ಕೈ ಎತ್ತಿ ಹುರುಪಿನಿಂದ ಬೀಸಿದಳು. ನಾನೂ ಬೀಸಿದೆ. ಈ ಸಲ ಇಬ್ಬರೂ ಬೀಸಿದ್ದು ಒಂದೇ ಅರ್ಥಕ್ಕೆ.